ಎಂಟು ಗಂಟೆಯ ಕ್ಲಿಕ್

ಟೆಕ್ಸಾಸ್‌ನ ಟೇಲರ್ ಊರಲ್ಲಿದ್ದು ಕಾಲೇಜಲ್ಲಿ ಫೋಟೋಗ್ರಫಿ ಕಲೀತಿದ್ದೀರಾ? ಲಾಂಗ್ ಎಕ್ಸ್‌ಪೋಷರ್ ಪಾಠ ಬಂದ ವಾರ ಕಾರು ಹತ್ತಿ. ಮುಕ್ಕಾಲು ಗಂಟೆಯಲ್ಲಿ ಆಸ್ಟಿನ್, ಟೆಕ್ಸಾಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಸೆಂಟರ್.

ಅಲ್ಲೊಂದು ತಗಡು ಇದೆ. 1827ರ ಆಸುಪಾಸಿನಲ್ಲಿ ಫ್ರಾನ್ಸಿನ ನಿಯೆಪ್ಸ್ ತನ್ನ ಮನೆಯ ಕಿಟಕಿಯಿಂದ ತೆಗೆದದ್ದು. ಕ್ಯಾಮೆರಾದಲ್ಲಿ ಹಿಡಿದ, ಇವತ್ತಿಗೂ ಉಳಿದಿರೋ ಅತಿ ಹಳೆಯ ಫೋಟೋ.

ತಗಡಿಗೆ ಡಾಂಬರಿನಂಥ ಲೇಪ. ಬಿಸಿಲು ತಾಗಿದಲ್ಲಿ ಗಟ್ಟಿಯಾಯ್ತು, ತಾಗದಲ್ಲಿ ಲ್ಯಾವೆಂಡರ್ ಎಣ್ಣೆ ತೊಳೆದುಹಾಕ್ತು. ಎಕ್ಸ್‌ಪೋಷರ್? ಕಮ್ಮಿಯೆಂದರೂ ಎಂಟು ಗಂಟೆ! ಅಷ್ಟರಲ್ಲಿ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಹೋಗಿಬಿಟ್ಟ. ಅದಕ್ಕೇ ಚಿತ್ರದಲ್ಲಿ ಎರಡೂ ಬದಿಯ ಗೋಡೆಗೂ ಬಿಸಿಲು. ನಮ್ಮ ಫೋನಾಗಿದ್ದರೆ ಕಾದು ಆಫ್ ಆಗ್ತಿತ್ತು ಬಿಡಿ.

ನೇರ ನಿಂತರೆ ಬರೀ ಹೊಳೆಯೋ ಲೋಹ. ಸ್ವಲ್ಪ ಓರೆಯಾಗಿ ನೋಡಿ, ಕಟ್ಟಡದ ಮಾಡು ಮೂಡುತ್ತೆ.

ಪ್ರವೇಶ ಉಚಿತ.