ದೇವದುರ್ಗದ ಹೆಬ್ಬೆಟ್ಟು, ದಿಲ್ಲಿಯ ಕಣ್ಣು

ಬೇಸಗೆಯ ದಿನಗಳಲ್ಲಿ ದೇವದುರ್ಗ ತಾಲ್ಲೂಕಿನ ಕೆರೆಯಂಗಳಗಳಲ್ಲಿ, ಬಿಸಿಲೇರುವ ಮುನ್ನವೇ ಹೂಳೆತ್ತಲು ನೆರೆದ ಖಾತ್ರಿ ಕೆಲಸದ ಹೆಂಗಸರು ಸಲಿಕೆ ಬುಟ್ಟಿಗಳನ್ನು ಬದಿಗಿಟ್ಟು, ಸೆರಗು ಸರಿಪಡಿಸಿಕೊಂಡು, ಸಾಲಾಗಿ ನಿಂತು ಒಂದು ಮೊಬೈಲಿನತ್ತ ಮುಖವೆತ್ತುವ ನೋಟವು ಈಚಿನ ವರುಷಗಳಲ್ಲಿ ಎಷ್ಟು ಸಾಮಾನ್ಯವಾಗಿಹೋಗಿದೆಯೆಂದರೆ, ದಾರಿಹೋಕನು ಅದನ್ನು ನಿಂತು ನೋಡುವುದೂ ಇಲ್ಲ. ಗುಂಪಿನ ಮೇಟ್ ಆ ಚಿತ್ರವನ್ನು ತೆಗೆದು ಎನ್‌ಎಂಎಂಎಸ್ ಎಂಬ ಆ್ಯಪಿಗೆ ಏರಿಸಬೇಕು. ಕೆಲವು ತಾಸುಗಳ ಮೇಲೆ ಇನ್ನೊಮ್ಮೆ ಅದೇ ವಿಧಿ. ಚಿತ್ರದೊಡನೆ ಅದನ್ನು ತೆಗೆದ ಗಳಿಗೆಯೂ, ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳೂ ದಿಲ್ಲಿಯ ಲೆಕ್ಕಕ್ಕೆ ಸೇರುತ್ತವೆ. 2021ರ ಮೇ ತಿಂಗಳಲ್ಲಿ ಪ್ರಾರಂಭವಾದ ಈ ಪದ್ಧತಿಯನ್ನು ಉದ್ಯೋಗ ಖಾತ್ರಿಯ ಸಾಮೂಹಿಕ ಕಾಮಗಾರಿಗಳಿಗೆಲ್ಲ 2023ರ ಜನವರಿ 1ರಿಂದ ಕಡ್ಡಾಯಗೊಳಿಸಲಾಯಿತು. ನೆಟ್‌ವರ್ಕ್ ಸಿಗದಿದ್ದರೆ ಮೇಟ್ ಫೋನನ್ನೆತ್ತಿ ಹಿಡಿದು ಏರಿಯ ಮೇಲೆ ಅತ್ತಿಂದಿತ್ತ ನಡೆದಾಡಬೇಕು. ಚಿತ್ರ ಏರದಿದ್ದರೆ ಹಾಜರಿಯಿಲ್ಲ, ಹಾಜರಿಯಿಲ್ಲದ ದಿನಕ್ಕೆ ಕೂಲಿಯಿಲ್ಲ.

ಅದೇ ಹೆಂಗಸು ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತಾಗ ಆಕೆಯ ಮುಖಕ್ಕೆ ಬದಲಾಗಿ ಬೆರಳು ಸಾಕ್ಷಿ ನುಡಿಯಬೇಕಾಗುತ್ತದೆ. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ಮಾನ್ವಿಯ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಮಾಡಿ ಸವೆದ ಬೆರಳಿನ ರೇಖೆಯನ್ನು ಆ ಚಿಕ್ಕ ಯಂತ್ರವು ಒಮ್ಮೊಮ್ಮೆ ಗುರುತಿಸದು. "ಥಂಬ್ ಹತ್ತವಲ್ದವ್ವಾ, ಇನ್ನೊಂದು ಬಟ್ಟಿಡು" ಎಂದು ಅಂಗಡಿಯವನು ಹೇಳುತ್ತಾನೆ; ಮುದುಕಿ ಬೆರಳನ್ನು ಸೆರಗಿಗೆ ಒರಸಿ, ತಲೆಗೂದಲಿಗೆ ಉಜ್ಜಿ, ಎಣ್ಣೆಯ ಪಸೆ ಹತ್ತಿಸಿಕೊಂಡು ಮತ್ತೆ ಇಡುತ್ತಾಳೆ. ತನ್ನ ಅಕ್ಕಿಯನ್ನು ತಾನೇ ಪಡೆಯಲು ತಾನು ತಾನೇ ಎಂದು ಸಾಧಿಸಬೇಕಾದ ಈ ಕ್ಷಣದ ದಾಖಲೆಯೂ ಎಲ್ಲಿಯೋ ಉಳಿಯುತ್ತದೆಂಬ ಅರಿವು ಆಕೆಗಿರುವುದು ಅಪೂರ್ವ.

ಸರಕಾರವು ಅಂತರ್ಜಾಲದ ಮೂಲಕ ಪ್ರಜೆಗಳ ಮೇಲೆ ಕಣ್ಣಿಡುವ ವಿಷಯ ಬಂದಾಗ ನಮ್ಮ ವಿದ್ಯಾವಂತರ ಕಲ್ಪನೆಗೆ ಬರುವುದು ಗೂಢಚಾರರು, ಕದ್ದಾಲಿಕೆ, ಪತ್ರಕರ್ತರ ಫೋನುಗಳು. ಅವೆಲ್ಲ ಸುಳ್ಳಲ್ಲ, ಮುಂದೆ ಅವುಗಳ ಮಾತೂ ಬರುತ್ತದೆ. ಆದರೆ ನೀತಿ ಆಯೋಗವು 2018ರಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಯೆಂಬ ಹೆಸರಿಟ್ಟು ಅಂಕಿಅಂಶಗಳಿಂದ ಅಳೆಯತೊಡಗಿದ ರಾಯಚೂರಿನಂತಹ ಹಿಂದುಳಿದ ಜಿಲ್ಲೆಯಲ್ಲಿ ಅತಿ ಹೆಚ್ಚಾಗಿ, ಅತಿ ನಿಯತವಾಗಿ, ಯಾವ ಅಪರಾಧದ ಶಂಕೆಯೂ ಇಲ್ಲದೆ ವೀಕ್ಷಣೆಗೊಳಗಾಗುವವರು ಬಡವರು. ಅದೂ ರಹಸ್ಯವಾಗಿ ಅಲ್ಲ, ಹಾಡಹಗಲಿನಲ್ಲಿ. ನಕಲಿ ಹಾಜರಿಯನ್ನೂ ಗುತ್ತಿಗೆದಾರರ ಮೋಸವನ್ನೂ ತಡೆಯುವುದಕ್ಕಾಗಿ ಇದೆಲ್ಲ ಎಂಬ ಸಮರ್ಥನೆಯಲ್ಲಿ ಸತ್ಯಾಂಶವುಂಟು. ಖಾತ್ರಿ ಹಣವನ್ನು ನುಂಗಿದವರ ಕಥೆ ನಮ್ಮ ಭಾಗದವರಿಗೆ ಹೊಸದಲ್ಲ. ಆದರೆ 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಹೊರಡಿಸಿದ ಸುತ್ತೋಲೆಯಲ್ಲಿ, ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರಗಳನ್ನೂ, ಚಿತ್ರದ ಚಿತ್ರವನ್ನು ತೆಗೆದು ಏರಿಸಿದ್ದನ್ನೂ ಪಟ್ಟಿಮಾಡಿ ದುರುಪಯೋಗವನ್ನು ಒಪ್ಪಿಕೊಳ್ಳಬೇಕಾಯಿತು. ಕಳ್ಳನು ಕ್ಯಾಮೆರಾವನ್ನು ದಾಟುವ ಉಪಾಯವನ್ನು ಕಂಡುಕೊಂಡನು. ಕ್ಯಾಮೆರಾದ ಮುಂದೆ ದಿನವೂ ನಿಲ್ಲುವ ಪಾಡು ಮಾತ್ರ ಕೂಲಿಕಾರಳಿಗೆ ಉಳಿಯಿತು.

ಪ್ರಜೆಗಳ ವೃತ್ತಾಂತವನ್ನು ಅರಸನು ತಿಳಿಯಬಯಸುವುದು ಪ್ರಾಚೀನವಾದುದೇ. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಿಲಾಶಾಸನದಿಂದ ದೇವಾನಾಂಪ್ರಿಯನೆಂಬುವನು ಅಶೋಕನೇ ಎಂಬುದು ಸ್ಥಿರಪಟ್ಟಿತು. ಆ ಚಕ್ರವರ್ತಿಯ ಆರನೆಯ ಬಂಡೆಶಾಸನದಲ್ಲಿ, ಅದರ ಒಂದು ಪ್ರತಿ ತುಂಗಭದ್ರೆಯ ಆಚೆ ಕರ್ನೂಲು ಸೀಮೆಯ ಎರ್ರಗುಡಿಯಲ್ಲಿದೆ, ಪ್ರತಿವೇದಕರೆಂಬ ವರದಿಗಾರರ ಪ್ರಸ್ತಾಪ ಬರುತ್ತದೆ. ತಾನು ಊಟಕ್ಕೆ ಕುಳಿತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಕಾರ್ಯವನ್ನು ಅವರು ಬಂದು ತಿಳಿಸತಕ್ಕದ್ದೆಂಬುದು ಅದರ ತಾತ್ಪರ್ಯ. ವಿಚಾರಿಸಿ ನೋಡಿದರೆ ಅಲ್ಲಿ ಏಕಾಂತವನ್ನು ಬಿಟ್ಟುಕೊಟ್ಟವನು ಅರಸನೇ ಹೊರತು ಪ್ರಜೆಯಲ್ಲ. ಇನ್ನು 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಈ ಸೀಮೆಯ ಹಳ್ಳಿಗಳಲ್ಲಿ ಪೊಲೀಸ್ ಪಟೇಲನೆಂಬ ಅಧಿಕಾರಿಯಿದ್ದನು. ಊರಿಗೆ ಬಂದವರಾರು, ಹೋದವರಾರು ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಆದರೆ ಅವನ ಮನೆ ಯಾವುದು, ಅವನ ಸಾಲವೆಷ್ಟು, ಅವನ ಸಿಟ್ಟು ಯಾವಾಗ ಏರುತ್ತದೆ, ಇಳಿಯುತ್ತದೆ ಎಂಬುದು ಊರಿಗೂ ಗೊತ್ತಿರುತ್ತಿತ್ತು. ನೋಡುವವನು ಕಾಣುತ್ತಿದ್ದನು, ಅವನ ಮನೆಯ ಬಾಗಿಲಿಗೆ ಹೋಗಿ ವಾದಿಸಬಹುದಾಗಿತ್ತು. ಈಗಿನ ಪಟೇಲನಿಗೆ ಮನೆಯೂ ಇಲ್ಲ, ಬಾಗಿಲೂ ಇಲ್ಲ. "ಸರ್ವರ್ ಡೌನ್ ಐತ್ರಿ" ಎಂದ ಮೇಲೆ ಯಾರೊಡನೆ ಜಗಳವಾಡುವುದು?

ದೊಡ್ಡವರ ಮಾತನ್ನು ಕದ್ದು ಕೇಳಿದಾಗ ಮಾತ್ರ ಕರ್ನಾಟಕದಲ್ಲಿ ಗದ್ದಲವೆದ್ದಿದೆ. 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಹಗರಣದಿಂದಲೇ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಗೆ ರಾಜೀನಾಮೆಯಿತ್ತರು. ನೈತಿಕ ಹೊಣೆಯೆಂಬುದಕ್ಕೆ ಇಷ್ಟು ಬೆಲೆಯಿದ್ದ ಕಾಲವೊಂದಿತ್ತೆಂಬುದನ್ನು ಇಂದು ನೆನೆದರೆ ವಿಸ್ಮಯವಾಗುತ್ತದೆ. 2019ರ ಫೆಬ್ರವರಿಯಲ್ಲಿ ದೇವದುರ್ಗದ ಪ್ರವಾಸಿ ಮಂದಿರವೇ ರಾಜ್ಯದ ಕಣ್ಣಿಗೆ ಬಿದ್ದಿತು: ಆಗ ವಿರೋಧ ಪಕ್ಷದ ನಾಯಕರಾಗಿದ್ದ ಬಿ.ಎಸ್. ಯಡಿಯೂರಪ್ಪನವರು ಅಲ್ಲಿ ಶಾಸಕರೊಬ್ಬರ ಮಗನೊಡನೆ ನಡೆಸಿದರೆಂಬ ಸಂಭಾಷಣೆಯ ಧ್ವನಿಮುದ್ರಿಕೆಯನ್ನು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಬಹಿರಂಗಪಡಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ, ಸರಕಾರ ಬದಲಾದ ಮೇಲೆ, ಕುಮಾರಸ್ವಾಮಿಯವರ ಅವಧಿಯಲ್ಲಿಯೇ ಹಲವರ ಫೋನುಗಳನ್ನು ಆಲಿಸಲಾಯಿತೆಂಬ ಆರೋಪವು ಎದ್ದು, ಅವರು ಅದನ್ನು ಅಲ್ಲಗಳೆದರೂ ತನಿಖೆ ಸಿಬಿಐಗೆ ಹೋಯಿತು. 2021ರ ಜುಲೈನಲ್ಲಿ ಪೆಗಾಸಸ್ ಎಂಬ ಇಸ್ರೇಲಿ ಗೂಢ ತಂತ್ರಾಂಶದ ಸುದ್ದಿ ಹೊರಬಿದ್ದಾಗ, ಆ 2019ರ ಬಿಕ್ಕಟ್ಟಿನ ದಿನಗಳಿಗೆ ಸಂಬಂಧಿಸಿದಂತೆ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರರ ಸಂಖ್ಯೆಯೂ, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೂ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿದ್ದುವೆಂದು ವರದಿಯಾಯಿತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಫೋನಿನೊಳಗೆ ಯಾರೋ ಹೊಕ್ಕರೆಂದು ಸಿದ್ಧವಾಗದು. ಸರ್ವೋಚ್ಚ ನ್ಯಾಯಾಲಯವು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ನೇಮಿಸಿದ ಸಮಿತಿಯು ಪರೀಕ್ಷಿಸಿದ 29 ಫೋನುಗಳ ಪೈಕಿ 5ರಲ್ಲಿ ದುಷ್ಟ ತಂತ್ರಾಂಶವನ್ನು ಕಂಡಿತು; ಅದು ಪೆಗಾಸಸ್ಸೇ ಎಂದು ನಿಶ್ಚಯಿಸಲಾಗಲಿಲ್ಲ. ಕೇಂದ್ರ ಸರಕಾರವು ಸಹಕರಿಸಲಿಲ್ಲವೆಂಬುದನ್ನು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯವು ತೆರೆದ ಸಭೆಯಲ್ಲಿಯೇ ಹೇಳಿತು.

ಕಾನೂನುಬದ್ಧವಾದ ಆಲಿಕೆಯ ಕ್ರಮವೇನೆಂಬುದನ್ನೂ ಓದುಗರು ತಿಳಿಯುವುದು ಮೇಲು. ಫೋನಿನ ಮಾತಿಗೆ 1885ರ ಟೆಲಿಗ್ರಾಫ್ ಕಾಯಿದೆಯೂ, ಈಗ ಅದರ ಸ್ಥಾನದಲ್ಲಿ 2023ರ ದೂರಸಂಪರ್ಕ ಕಾಯಿದೆಯೂ, ಅಂತರ್ಜಾಲದ ವ್ಯವಹಾರಕ್ಕೆ 2000ರ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ಕಲಮೂ ಆಧಾರ. 2018ರ ಡಿಸೆಂಬರ್ 20ರಂದು ಕೇಂದ್ರದ ಗೃಹ ಸಚಿವಾಲಯವು 10 ಸಂಸ್ಥೆಗಳನ್ನು ಹೆಸರಿಸಿ, ಯಾವುದೇ ಕಂಪ್ಯೂಟರಿನಲ್ಲಿ ಹುಟ್ಟಿದ, ಹಾದುಹೋದ ಅಥವಾ ಉಳಿದ ಮಾಹಿತಿಯನ್ನು ನೋಡಬಹುದೆಂದು ಅಧಿಕಾರವಿತ್ತಿತು. ಇದಕ್ಕೆ ನ್ಯಾಯಾಧೀಶನ ಅಪ್ಪಣೆ ಬೇಕಾಗಿಲ್ಲ. ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ಗೃಹ ಇಲಾಖೆಯ ಕಾರ್ಯದರ್ಶಿ ಒಪ್ಪಿದರೆ ಸಾಕು. ಒಪ್ಪಿದ್ದು ಸರಿಯೇ ಎಂದು ಪರಿಶೀಲಿಸುವ ಸಮಿತಿಯಲ್ಲಿಯೂ ಕುಳಿತಿರುವವರು ಕಾರ್ಯದರ್ಶಿಗಳೇ. ಬೆಂಗಳೂರಿನಲ್ಲಿ ಜನಿಸಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿಯು 2018ರ ವರದಿಯಲ್ಲಿ ಮಾಹಿತಿ ಹಕ್ಕಿನಿಂದ ಹೊರಬಂದ ಲೆಕ್ಕವೊಂದನ್ನು ಉಲ್ಲೇಖಿಸಿತು: ಕೇಂದ್ರವೊಂದೇ ತಿಂಗಳಿಗೆ 7,500ರಿಂದ 9,000 ಆಲಿಕೆಯ ಆದೇಶಗಳನ್ನು ಹೊರಡಿಸುತ್ತದೆ, ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯು ಒಂದೊಂದು ಬೈಠಕಿನಲ್ಲಿ 15,000ದಿಂದ 18,000 ಕಡತಗಳನ್ನು ನೋಡಬೇಕು. ಅವರು ಎಷ್ಟು ಶ್ರದ್ಧಾವಂತರಾದರೂ ಓದುವರೋ ಎಣಿಸುವರೋ ಎಂಬುದನ್ನು ಓದುಗರೇ ಊಹಿಸಬಹುದು.

ಇದಲ್ಲದೆ, ಮಾತನ್ನು ಕೇಳದೆಯೂ ಮನುಷ್ಯನನ್ನು ಅರಿಯಬಹುದು. ಯಾರು ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಗೋಪುರದ ಕೆಳಗಿನಿಂದ, ಎಷ್ಟು ಹೊತ್ತು ಕರೆ ಮಾಡಿದರೆಂಬ ವಿವರವನ್ನು ಕಂಪನಿಗಳು ಇರಿಸಿಕೊಳ್ಳುತ್ತವೆ. ಸಂದೇಶದ ಒಳಗಣ ಅಕ್ಷರಗಳು ಬೀಗಮುದ್ರೆಯಲ್ಲಿದ್ದರೂ ಹೊರಗಿನ ವಿಳಾಸ ಗುಟ್ಟಲ್ಲ. ರಾಯಚೂರಿನಿಂದ ಬೆಂಗಳೂರಿಗೆ ಗುಳೆ ಹೋದ ಒಕ್ಕಲಿನ ಹಾದಿಯನ್ನೇ ನೋಡಿ: ದೇವದುರ್ಗದಲ್ಲಿ ಆಫ್ ಆದ ಫೋನು ಕಟ್ಟಡದ ಶೆಡ್ಡಿನ ಬಳಿ ಹತ್ತುತ್ತದೆ, ಒಂದು ದೇಶ ಒಂದು ಪಡಿತರ ಚೀಟಿಯ ಪ್ರಕಾರ ಅಲ್ಲಿಯ ಅಂಗಡಿಯಲ್ಲಿ ಥಂಬ್ ಬೀಳುತ್ತದೆ, ಹಬ್ಬಕ್ಕೆ ಊರಿಗೆ ಮರಳಿದಾಗ ಇನ್ನೊಂದು ಗುರುತು. ಸಂಸಾರವೊಂದರ ವರ್ಷವೆಲ್ಲ, ಅವರಲ್ಲಿ ಯಾರೂ ಒಂದು ಅಕ್ಷರವನ್ನು ಬರೆಯದೆಯೇ ಬರೆದುಹೋಗುತ್ತದೆ.

ಈ ಸಂದರ್ಭದಲ್ಲಿ ಸ್ಮರಿಸಬೇಕಾದ ಕನ್ನಡಿಗರು ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 1926ರಲ್ಲಿ ಜನಿಸಿ, ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಅವರು, ಅನ್ಯರು ಮೊಮ್ಮಕ್ಕಳೊಡನೆ ಕಾಲ ಕಳೆಯುವ ವಯಸ್ಸಿನಲ್ಲಿ, 2012ರಲ್ಲಿ, ಸಂಸತ್ತಿನ ಕಾಯಿದೆಯ ಆಧಾರವೇ ಇಲ್ಲದೆ ಆಧಾರ್ ನಡೆಯುತ್ತಿರುವುದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಸರಕಾರದ ವಕೀಲರು ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದರು, 1954ರ ಎಂ.ಪಿ. ಶರ್ಮಾ ತೀರ್ಪೂ, 1962ರ ಖರಕ್ ಸಿಂಗ್ ತೀರ್ಪೂ ಅವರಿಗೆ ಒತ್ತಾಸೆ. ಖರಕ್ ಸಿಂಗನು ದರೋಡೆಯ ಆರೋಪದಿಂದ ಬಿಡುಗಡೆಗೊಂಡ ಉತ್ತರ ಪ್ರದೇಶದವನು. ಆದರೂ ಪೊಲೀಸರು ಅವನ ಮೇಲೆ ನಿಗಾಯಿಟ್ಟು ರಾತ್ರಿವೇಳೆ ಬಾಗಿಲು ತಟ್ಟುತ್ತಿದ್ದರು. ಆ ಬಾಗಿಲು ತಟ್ಟುವಿಕೆ ತಪ್ಪೆಂದು ಆಗಿನ ನ್ಯಾಯಾಲಯ ಒಪ್ಪಿತು, ಆದರೆ ಖಾಸಗಿತನದ ಹಕ್ಕನ್ನು ಒಪ್ಪಲಿಲ್ಲ; ಅದು ಸ್ವಾತಂತ್ರ್ಯದ ಅವಶ್ಯಕ ಅಂಗವೆಂದು ಬರೆದವರು ಭಿನ್ನಮತದ ನ್ಯಾಯಮೂರ್ತಿ ಕೆ. ಸುಬ್ಬರಾವ್. ಐವತ್ತೈದು ವರ್ಷಗಳ ತರುವಾಯ, 2017ರ ಆಗಸ್ಟ್ 24ರಂದು, ಕನ್ನಡಿಗರಾದ ಎಸ್. ಅಬ್ದುಲ್ ನಜೀರ್ ಅವರೂ ಒಳಗೊಂಡ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಆ ಭಿನ್ನಮತವನ್ನೇ ಏಕಕಂಠದಿಂದ ಎತ್ತಿಹಿಡಿಯಿತು. ಖಾಸಗಿತನವು ಉಳ್ಳವರ ಚಿಂತೆ, ಬಡವನಿಗೆ ಬೇಕಾದುದು ಅನ್ನ ಮಾತ್ರ ಎಂಬ ವಾದವನ್ನೂ ಆ ತೀರ್ಪು ಸ್ಪಷ್ಟವಾಗಿ ತಿರಸ್ಕರಿಸಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆದರೆ ಹಕ್ಕು ಘೋಷಣೆಯಾದಷ್ಟು ಸುಲಭವಾಗಿ ಹಂಚಿಕೆಯಾಗಲಿಲ್ಲ. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಐವರ ಪೀಠದ ನಾಲ್ವರು, ಬ್ಯಾಂಕ್ ಖಾತೆಗೂ ಸಿಮ್ಮಿಗೂ ಆಧಾರ್ ಜೋಡಿಸುವ ಕಡ್ಡಾಯವನ್ನು ತೆಗೆದುಹಾಕಿದರು. ಸರಕಾರದ ಸಹಾಯಧನಕ್ಕೆ, ಪಡಿತರಕ್ಕೆ ಅದನ್ನು ಕಡ್ಡಾಯಗೊಳಿಸುವುದನ್ನು ಮಾತ್ರ ಎತ್ತಿಹಿಡಿದರು. ಗುರುತು ಹತ್ತದ ಕಾರಣಕ್ಕೆ ಯಾರನ್ನೂ ಬರಿಗೈಲಿ ಕಳಿಸಬಾರದೆಂದೂ, ದೃಢೀಕರಣದ ದಾಖಲೆಗಳನ್ನು ಐದು ವರ್ಷವಲ್ಲ, ಆರು ತಿಂಗಳಷ್ಟೇ ಇಡಬೇಕೆಂದೂ ಹೇಳಿದ್ದು ನಿಜ. ಆದರೂ ಫಲಿತಾಂಶವೇನೆಂದರೆ, ಹೊಸ ಸಿಮ್ ಕೊಳ್ಳುವವನಿಗೆ ಬೇರೊಂದು ಗುರುತಿನ ಚೀಟಿ ತೋರಿಸುವ ಆಯ್ಕೆ ದೊರೆಯಿತು, ಅಕ್ಕಿ ಕೊಳ್ಳುವವಳಿಗೆ ದೊರೆಯಲಿಲ್ಲ. ಒಪ್ಪಿಗೆಯೆಂಬುದಕ್ಕೆ ಬೇಡವೆನ್ನುವ ಸಾಧ್ಯತೆ ಇರಬೇಕು. ಗೃಹಲಕ್ಷ್ಮಿಯ 2,000 ರೂಪಾಯಿಗಾಗಿ ಮಾನ್ವಿಯ ಗ್ರಾಮ ಒನ್ ಕೇಂದ್ರದಲ್ಲಿ ಓಟಿಪಿ ಹೇಳುವ ತಾಯಿಗೆ ಆ ಸಾಧ್ಯತೆ ಎಲ್ಲಿದೆ?

ಸಂಗ್ರಹಿಸಿದ್ದು ಭದ್ರವಾಗಿದ್ದರೂ ಒಂದು ಸಮಾಧಾನ. 2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಗಳಿಂದ, ಓಟಿಪಿಯನ್ನೂ ಕೇಳದೆ, ಆಧಾರ್ ಬೆರಳಚ್ಚಿನ ಪಾವತಿ ವ್ಯವಸ್ಥೆಯ ಮೂಲಕ ಹಣ ಮಾಯವಾಯಿತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿದ ಜಾಲದ ಮೇಲೆ ಪೊಲೀಸರ ದೃಷ್ಟಿ ಹರಿಯಿತು. ಗುಪ್ತಪದ ಕಳೆದರೆ ಬೇರೊಂದನ್ನು ಇಟ್ಟುಕೊಳ್ಳಬಹುದು, ಹೆಬ್ಬೆರಳಿಗೆ ಬದಲಿಯಿಲ್ಲ. ರಾಯಚೂರಿನ ಬಸ್ ನಿಲ್ದಾಣದ ಸುತ್ತಲಿನ ಝೆರಾಕ್ಸ್ ಅಂಗಡಿಗಳಲ್ಲಿ ಕಪ್ಪಾಗಿ ಬಂದ ಆಧಾರ್ ಪ್ರತಿಗಳು ಮೇಜಿನ ಕೆಳಗಿನ ಡಬ್ಬಿಗೆ ಬೀಳುವುದನ್ನು ನೋಡುವಾಗ, ಅವು ಮುಂದೆ ಮಿರ್ಚಿ ಕಟ್ಟುವ ಕಾಗದವಾಗುವುದೇ ಅತಿ ಕಡಿಮೆ ಅಪಾಯದ ಸದ್ಗತಿಯೆಂದು ನನಗೆ ಅನ್ನಿಸುವುದುಂಟು.

2023ರ ಆಗಸ್ಟ್‌ನಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದೇ ಕಾಯಿದೆಯೊಂದು ಬಂದಿತು. ಖಾಸಗಿ ಕಂಪನಿಗಳ ಮೇಲೆ ಅದು ಕಟ್ಟುಪಾಡು ವಿಧಿಸುವುದು ಸ್ವಾಗತಾರ್ಹ. ಆದರೆ ಅದರ 17ನೆಯ ಕಲಮಿನ ಪ್ರಕಾರ ಕೇಂದ್ರ ಸರಕಾರವು ತನ್ನ ಯಾವುದೇ ಸಂಸ್ಥೆಗೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿಂದ ವಿನಾಯಿತಿ ಕೊಡಬಹುದು. ಅದಕ್ಕಿಂತ ವಿಚಿತ್ರವಾದುದು, ಅದೇ ಕಾಯಿದೆ ಮಾಹಿತಿ ಹಕ್ಕು ಕಾಯಿದೆಯ ಒಂದು ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿಯೆಂಬ ಹೆಸರಿನಲ್ಲಿ ಅಧಿಕಾರಿಯು ಉತ್ತರ ನಿರಾಕರಿಸುವುದನ್ನು ಸುಲಭಗೊಳಿಸಿದೆ. ಕೂಲಿಕಾರರ ಮಸ್ಟರ್ ರೋಲನ್ನು ಊರಿನ ಕಟ್ಟೆಯ ಮೇಲೆ ಓದಿಸಿ ಮೋಸವನ್ನು ಹೊರಗೆಳೆದ ಜಿಲ್ಲೆಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಜನರು ಮಾತನಾಡಿದರೆ ಪ್ರಯೋಜನವಿಲ್ಲವೆಂದೇನೂ ಅಲ್ಲ. 2025ರ ನವೆಂಬರ್ ಕೊನೆಯಲ್ಲಿ ದೂರಸಂಪರ್ಕ ಇಲಾಖೆಯು ಸಂಚಾರ್ ಸಾಥಿ ಎಂಬ ಸರಕಾರಿ ಆ್ಯಪನ್ನು ಹೊಸ ಫೋನುಗಳಲ್ಲೆಲ್ಲ ಮೊದಲೇ ಅಳವಡಿಸಬೇಕೆಂದು ತಯಾರಕರಿಗೆ ಆಜ್ಞಾಪಿಸಿತ್ತು. ದೇಶದಾದ್ಯಂತ ಆಕ್ಷೇಪವೇಳಲು ಡಿಸೆಂಬರ್ 3ರಂದು ಆಜ್ಞೆಯನ್ನು ಹಿಂತೆಗೆಯಿತು. ಆಕ್ಷೇಪಿಸಿದವರು ಹೊಸ ಫೋನು ಕೊಳ್ಳುವವರು. ಕೆರೆಯಂಗಳದ ಮುಖಚಿತ್ರಕ್ಕೆ ಅಷ್ಟು ತ್ವರಿತವಾದ ಪುನರ್ವಿಮರ್ಶೆ ನಡೆಯಲಿಲ್ಲ.

ಅಲ್ಲಿಯವರೆಗೆ ಕೈಗೆಟುಕುವ ರಕ್ಷಣೆಗಳು ಕೆಲವಿವೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕಿ, ಬೇಕಾದಾಗ ತೆರೆಯಬಹುದು. ಪೂರ್ಣ ಸಂಖ್ಯೆ ಕಾಣದ, ಕೊನೆಯ ನಾಲ್ಕು ಅಂಕಿ ಮಾತ್ರವಿರುವ ಪ್ರತಿಯನ್ನು ಇಳಿಸಿಕೊಂಡು ಲಾಡ್ಜಿನವನಿಗೂ ಅಂಗಡಿಯವನಿಗೂ ಅದನ್ನೇ ಕೊಡಬಹುದು. ಕಳೆದ ಆರು ತಿಂಗಳಲ್ಲಿ ತನ್ನ ಗುರುತನ್ನು ಯಾವ ಸಂಸ್ಥೆ, ಯಾವ ದಿನ ಪರೀಕ್ಷಿಸಿತೆಂಬ ಪಟ್ಟಿಯನ್ನೂ ಅಲ್ಲಿ ನೋಡಬಹುದು. ಇವಕ್ಕೆ ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿ ಬೇಕು. ದೇವದುರ್ಗದ ಎಷ್ಟೋ ಮನೆಗಳಲ್ಲಿ ಆ ಸಂಖ್ಯೆ ಗುಳೆ ಹೋದ ಮಗನದು, ಇಲ್ಲವೆ ಅರ್ಜಿ ತುಂಬಿಕೊಟ್ಟ ಅಂಗಡಿಯವನದು, ಇಲ್ಲವೆ ರೀಚಾರ್ಜ್ ಮಾಡಿಸದೆ ಬಿಟ್ಟು ಈಗ ಇನ್ನಾರದೋ ಪಾಲಾಗಿರುವ ಹಳೆಯ ಸಿಮ್ಮಿನದು. ಆದ್ದರಿಂದ ಬೀಗದ ಮಾತಿಗಿಂತ ಮೊದಲು ಆ ತಾಯಿ ತಾಲ್ಲೂಕು ಕೇಂದ್ರಕ್ಕೆ ಹೋಗಿ, ಒಂದು ದಿನದ ಕೂಲಿ ಬಿಟ್ಟು, ಸಂಖ್ಯೆ ಬದಲಾಯಿಸಿಕೊಂಡು ಬರಬೇಕು. ಅಲ್ಲಿಯೂ ಮೊದಲು ಕೇಳುವುದು ಥಂಬ್.