ನನ್ನ ಸಿಟ್ಟು ನನ್ನದೇ

ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಣ್ಣ ರೇಗಿದರೆ ಅದು ಬರೀ ಸಿಟ್ಟು. ನಾನು ರೇಗಿದರೆ ಅತ್ತಿಗೆ ಮೆಲ್ಲಗೆ ಕೇಳುತ್ತಾರೆ: "ಇವತ್ತು ಮಾತ್ರೆ ತಗೊಂಡ್ಯೇನೇ?" ಹಬ್ಬದ ದಿನ ನಾಲ್ಕು ಮಾತು ಹೆಚ್ಚು ಆಡಿದರೂ ಅದೇ ಪ್ರಶ್ನೆ. ಬೈಪೋಲಾರ್ ಕಾಯಿಲೆ ಇದೆಯೆಂದು ಗೊತ್ತಾದ ಮೇಲೆ ನನ್ನ ನಗು, ಅಳು, ಜಗಳ ಎಲ್ಲವೂ ಕಾಯಿಲೆಯ ಲೆಕ್ಕಕ್ಕೇ ಜಮೆಯಾಗುತ್ತವೆ.

ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು 20ರ ಆಸುಪಾಸಿನಲ್ಲಿ, ನನಗೆ ಬಿ.ಎಡ್. ಓದುವಾಗ ಬಂತು. ಮೊದಲು ಖಿನ್ನತೆ. ಎದ್ದು ತಲೆ ಬಾಚಿಕೊಳ್ಳುವುದೂ ಆಗುತ್ತಿರಲಿಲ್ಲ. ಖಿನ್ನತೆಯ ಮಾತ್ರೆ ಶುರುವಾದ ಕೆಲವು ವಾರಗಳಲ್ಲೇ ಉನ್ಮಾದ. ನಿದ್ದೆ ಇಲ್ಲ, ದಣಿವೂ ಇಲ್ಲ. ಚೀಟಿ ದುಡ್ಡು ಎತ್ತಿ ಟ್ಯೂಷನ್ ಸೆಂಟರಿಗೆಂದು ಕಟ್ಟಡಕ್ಕೆ ಅಡ್ವಾನ್ಸ್ ಕೊಟ್ಟೆ. ಗಾಳಿ ಸೋಕಿದೆ ಎಂದರು ನೆಂಟರು. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟಾಗ ಕೆಲವರಲ್ಲಿ ಹೀಗೆ ಉನ್ಮಾದ ಕೆರಳುವುದುಂಟು. ಆದ್ದರಿಂದ ಖಿನ್ನತೆಗೆಂದು ವೈದ್ಯರ ಬಳಿ ಹೋದಾಗ, ಹಿಂದೆ ಎಂದಾದರೂ ಮಿತಿಮೀರಿದ ಉತ್ಸಾಹ ಬಂದಿದ್ದರೆ ಅದನ್ನೂ ಹೇಳಬೇಕು.

ನಾನು ತೆಗೆದುಕೊಳ್ಳುವುದು ಲಿಥಿಯಂ. ಉನ್ಮಾದಕ್ಕೆ ಇದು ಫಲ ಕೊಡುತ್ತದೆಂದು 1949ರಲ್ಲಿ ಪ್ರಕಟಿಸಿದವರು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್. ಇಂದಿಗೂ ಇದು ಮುಖ್ಯ ಔಷಧಿಗಳಲ್ಲೊಂದು. ಆದರೆ ರಕ್ತದಲ್ಲಿ ಅದರ ಪ್ರಮಾಣ ಏರಿದರೆ ವಿಷವಾಗುತ್ತದೆ. ಹಾಗಾಗಿ ಆಗಾಗ ರಕ್ತಪರೀಕ್ಷೆ. ಮೂತ್ರಪಿಂಡ, ಥೈರಾಯ್ಡ್ ತಪಾಸಣೆ. ಬೇಸಿಗೆಯಲ್ಲಿ ಬೆವರಿದಾಗ ನೀರು ಕಡಿಮೆಯಾಗಬಾರದು. ಉಪ್ಪನ್ನು ಏಕಾಏಕಿ ಬಿಡುವಂತಿಲ್ಲ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗುವಂತಿಲ್ಲ. ಏಕಾದಶಿಗೆ ನೀರೂ ಮುಟ್ಟದ ಉಪವಾಸ ನನ್ನಿಂದಾಗದು. "ದೇವರ ಮೇಲೆ ಭಕ್ತಿಯಿಲ್ಲ" ಎನ್ನುವವರಿಗೆ ಇದನ್ನು ವಿವರಿಸಿ ಹೇಳುತ್ತೇನೆ.

ಚೆನ್ನಾಗಿದ್ದಾಗಲೇ ಮನೆಯವರೊಂದಿಗೆ ಕೂತು ಒಂದು ಹಾಳೆಯಲ್ಲಿ ನನ್ನ ಲಕ್ಷಣಗಳನ್ನು ಬರೆದಿಟ್ಟಿದ್ದೇನೆ. ನಿದ್ದೆ ಕಡಿಮೆಯಾಗಿಯೂ ದಣಿವಾಗದಿರುವುದು. ನಡುರಾತ್ರಿ ಹಳೆಯ ಗೆಳತಿಯರಿಗೆ ಫೋನ್ ಮಾಡುವುದು. ಯೋಚಿಸದೆ ದುಡ್ಡು ಖರ್ಚು ಮಾಡುವುದು. ಇವು ಒಟ್ಟಿಗೆ ಕಂಡರೆ ಅಣ್ಣ ವೈದ್ಯರಿಗೆ ತಿಳಿಸಬೇಕು, ನಾನು ಒಪ್ಪಬೇಕು. ಇವಿಲ್ಲದೆ ಬಂದ ಸಿಟ್ಟಿಗೆ ಕಾರಣವನ್ನು ನನ್ನನ್ನೇ ಕೇಳಬೇಕು. ಈ ಒಪ್ಪಂದವಾದ ಮೇಲೆ ಮನೆಯಲ್ಲಿ ಜಗಳ ಜಗಳವಾಗಿಯೇ ಮುಗಿಯುವುದು ಹೆಚ್ಚಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇಂಥದಕ್ಕೆ ದಾರಿ ಮಾಡಿಕೊಟ್ಟಿದೆ: ಕಾಯಿಲೆ ಉಲ್ಬಣಿಸಿದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಮ್ಮ ಪರವಾಗಿ ಯಾರು ಮಾತಾಡಬೇಕು ಎಂಬುದನ್ನು ಮೊದಲೇ ಬರೆದಿಡಬಹುದು.

ಶಾಲೆಯಲ್ಲಿ ಒಮ್ಮೆ ರಜೆ ಮುಗಿಸಿ ಬರುವಷ್ಟರಲ್ಲಿ ಹತ್ತನೇ ತರಗತಿಯನ್ನು ನನ್ನಿಂದ ತೆಗೆದಿದ್ದರು. "ನಿಮಗ್ಯಾಕೆ ಮೇಡಂ ಟೆನ್ಷನ್?" ಕಾಳಜಿಯಿಂದ ಬಂದ ಮಾತೇ, ಆದರೂ ನೋವಾಯಿತು. ಕಾಮಾಲೆಯಾಗಿ ರಜೆ ಹಾಕಿದ ಸಹೋದ್ಯೋಗಿಗೆ ಅವರ ತರಗತಿ ಹಾಗೇ ಕಾದಿತ್ತು.

ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ನನ್ನಂಥವರಿದ್ದರೆ ಅವರ ಪರವಾಗಿ ನೀವೇ ತೀರ್ಮಾನ ಮಾಡಬೇಡಿ, ಮೊದಲು ಅವರನ್ನು ಕೇಳಿ. ಏನು ಮಾಡಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಚಿಕಿತ್ಸೆಯ ಜೊತೆಗೆ ನಮಗೆ ಕೆಲಸವೂ ಬೇಕು, ಜವಾಬ್ದಾರಿಯೂ ಬೇಕು. ಅದನ್ನು ಹೊರುವ ಶಕ್ತಿ ನಮಗಿದೆ.