ಕರಡಿಯ ಕಳೆದುಹೋದ ಹೆಸರು

ರಷ್ಯನ್ ಭಾಷೆಯಲ್ಲಿ ಕರಡಿಗೆ ಮೆದ್ವೆದ್ ಎನ್ನುತ್ತಾರೆ. 2008ರಿಂದ 2012ರವರೆಗೆ ರಷ್ಯದ ಅಧ್ಯಕ್ಷರಾಗಿದ್ದ ದ್ಮಿತ್ರಿ ಮೆದ್ವೆದೆವ್ ಅವರ ಮನೆತನದ ಹೆಸರಿನೊಳಗೆ ಕೂತಿರುವುದೂ ಇದೇ ಕರಡಿ. ಚೆಕ್, ಸ್ಲೊವೀನ್, ಸರ್ಬಿಯನ್ ಭಾಷೆಗಳಲ್ಲೂ ಹೆಚ್ಚುಕಡಿಮೆ ಇದೇ ಪದ. ಸ್ಲಾವಿಕ್ ಕುಟುಂಬದ ಈ ಭಾಷೆಗಳನ್ನೆಲ್ಲ ಹೋಲಿಸಿ ಭಾಷಾವಿಜ್ಞಾನಿಗಳು ಮೂಲ ಸ್ಲಾವಿಕ್ ರೂಪವನ್ನು 'ಮೆದ್ವೇದಿ' ಎಂದು ಪುನಾರಚಿಸಿದ್ದಾರೆ. ಬರಹದಲ್ಲಿ ಎಲ್ಲೂ ಸಿಗದ ರೂಪವಾದ್ದರಿಂದ ಅದರ ಮುಂದೆ ನಕ್ಷತ್ರದ ಗುರುತು ಹಾಕುತ್ತಾರೆ.

ಈ ಪದವನ್ನು ಬಿಡಿಸಲು ಕನ್ನಡದ ಶಾಲಾ ವ್ಯಾಕರಣವೇ ಸಾಕು. 'ಮೆದು' ಎಂದರೆ ಜೇನು, ನಮ್ಮ 'ಮಧು'ವಿನ ಒಡಹುಟ್ಟು. 'ಏದ್' ಎಂದರೆ ತಿನ್ನು, ಸಂಸ್ಕೃತದ 'ಅದ್' ಧಾತುವಿನ ನಂಟು. ಉಕಾರದ ಮುಂದೆ ಬೇರೆ ಸ್ವರ ಬಂದಾಗ 'ವ' ಮೂಡುತ್ತದೆ. ಮನು ಮತ್ತು ಅಂತರ ಸೇರಿ ಮನ್ವಂತರವಾಗುವ ಯಣ್ ಸಂಧಿ ಇದೇ ತಾನೆ! ಹಾಗೆ ಹುಟ್ಟಿದ್ದು ಮೆದ್ವೇದಿ, ಜೇನು ತಿನ್ನುವವ. ಋಗ್ವೇದದಲ್ಲಿಯೂ 'ಮಧ್ವದ' ಎಂಬ ಪದವಿದೆ. ಆದರೆ ಅಲ್ಲಿ ಅದು ಹಕ್ಕಿಗಳ ವಿಶೇಷಣ. 'ವೆದ್' ಎಂದರೆ ತಿಳಿದವನು, ಆದ್ದರಿಂದ ಇದು 'ಜೇನನ್ನು ಬಲ್ಲವ' ಎಂದು ರಷ್ಯನ್ನರಲ್ಲಿ ಹಲವರು ನಂಬುತ್ತಾರೆ. ಸೊಗಸಾದ ಕಲ್ಪನೆ, ಆದರೆ ತಪ್ಪು.

ಹಾಗಾದರೆ ಕರಡಿಯ ಹಳೆಯ ಹೆಸರೇನಾಯಿತು? ಸಂಸ್ಕೃತದ ಋಕ್ಷ, ಗ್ರೀಕಿನ ಆರ್ಕ್ಟೋಸ್, ಲ್ಯಾಟಿನ್ನಿನ ಉರ್ಸುಸ್ ಒಂದೇ ಬೇರಿನವು. ಆದರೆ ಸ್ಲಾವಿಕ್ ಭಾಷೆಗಳಲ್ಲಿ ಆ ಬೇರು ಒಣಗಿಹೋಯಿತು. ಫ್ರೆಂಚ್ ವಿದ್ವಾಂಸ ಆಂತ್ವಾನ್ ಮೆಯ್ಯೆ 1906ರಲ್ಲಿ ಇದಕ್ಕೆ ಕೊಟ್ಟ ವಿವರಣೆಯನ್ನು ಇಂದಿಗೂ ಹೆಚ್ಚಿನವರು ಒಪ್ಪುತ್ತಾರೆ: ಹೆಸರೆತ್ತಿದರೆ ಮೃಗ ಎದುರಾದೀತು ಎಂಬ ಭಯ. ನಮ್ಮ ಹಳ್ಳಿಗಳಲ್ಲಿ ಹಾವು ಎನ್ನದೆ 'ಹುಳ ಮುಟ್ಟಿತು' ಎನ್ನುವ ಹಿರಿಯರಿಗೆ ಈ ಭಯವನ್ನು ವಿವರಿಸಬೇಕಿಲ್ಲ. ದಟ್ಟ ಕಾಡಿನ ಅಂಚಿನಲ್ಲಿ ಬದುಕುತ್ತಿದ್ದ ಸ್ಲಾವರೂ ಹೆಸರು ಬಿಟ್ಟು ಗುಣ ಹೇಳಿದರು.

ಮುಂದೆ ಪದ ಊರೂರಿಗೊಂದು ವೇಷ ತೊಟ್ಟಿತು. ಪೋಲಿಷ್‌ನಲ್ಲಿ ಮೊದಲ 'ಮ' ಹೋಗಿ 'ನ' ಬಂತು. ಉಕ್ರೇನಿಯನ್ನಿನಲ್ಲಿ ಅಕ್ಷರಗಳೇ ಹಿಂದುಮುಂದಾಗಿ 'ವೆದ್ಮಿದ್' ಆಯಿತು. ಸ್ಲಾವಿಕ್ ಕುಟುಂಬಕ್ಕೆ ಸೇರದ ಹಂಗೇರಿಯನ್ ಕೂಡ 'ಮೆದ್ವೆ' ಎಂದು ಸಾಲ ಪಡೆಯಿತು.

ಮರೆಮಾಚಲು ಕಟ್ಟಿದ ಹೆಸರೇ ಕಾಲಕ್ರಮದಲ್ಲಿ ಕರಡಿಯ ನಿಜ ಹೆಸರಾಯಿತು. ಆಮೇಲೆ ರಷ್ಯದ ಬೇಟೆಗಾರರು ಅದನ್ನೂ ಬಾಯಿಗೆ ತರಲು ಅಂಜಿದರು. ಕಾಡಿನಲ್ಲಿ ಅವರು ಕರಡಿಯನ್ನು 'ಖೊಜ್ಯಾಯಿನ್' ಎಂದರು. ಹಾಗೆಂದರೆ ಯಜಮಾನ.